ಹತ್ತು ಬೆರಳಿನ ಯುರೋಪ್ ಪ್ರವಾಸ

ಯುರೋಪಿಗೆ ಹೋಗಿ ಬರುವುದೆಂದರೆ ಒಂದು ಮೂಟೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಟ್ಟಷ್ಟೇ ಸಲೀಸು ಎಂದು ಲಾಂಡ್ರಿಯಮ್ಮ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ ಘೋಷಿಸಿಬಿಟ್ಟಳು.

"ಟೂರಿನವರು ಬೇಡ, ಬಾವುಟ ಹಿಡ್ಕೊಂಡು ಮುಂದೆ ನಡೆಯೋ ಗೈಡೂ ಬೇಡ. ಎಲ್ಲಾ ನಾನೇ ಮಾಡ್ತೀನಿ. ನೀವು ಸುಮ್ನೆ ಮಡಿಕೆ ಮುರಿಯದ ಅಂಗಿ ಹಾಕ್ಕೊಂಡು ನನ್ನ ಹಿಂದೆ ಬನ್ನಿ, ಸಾಕು!"

ಎದುರಿಗೆ ಕೂತಿದ್ದ ಯಜಮಾನರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆಯದೆಯೇ ತಲೆಯಾಡಿಸಿದರು. ಅವರದು ಗಡಿಯಾರ ರಿಪೇರಿ ಕಸುಬು. ಹೆಂಡತಿಯ ಘೋಷಣೆಗಳಿಗೆ ತಲೆಯಾಡಿಸಿ ಆಡಿಸಿ ಅವರ ತಲೆ ಯಾವ ಲೋಲಕಕ್ಕೂ ಕಡಿಮೆಯಿಲ್ಲದಷ್ಟು ಕರಾರುವಾಕ್ಕಾಗಿ ಆಡುತ್ತಿತ್ತು.

ಹಾಗೆ ನೋಡಿದರೆ ಈ ಪ್ರವಾಸ ಯಜಮಾನರದೇ. ಅವರು ಕೂತು ಕೆಲಸ ಮಾಡುವ ಮೂಲೆಯ ಗೋಡೆಯ ಮೇಲೆ, ಯಾವುದೋ ಓಬೀರಾಯನ ಕಾಲದ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರವಿತ್ತು. ಯುರೋಪಿನ ಒಂದು ಹಳೆಯ ಊರಿನ ಚೌಕ, ಅಲ್ಲೊಂದು ಗೋಪುರ, ಗೋಪುರದ ಎದೆಯಲ್ಲೊಂದು ಗಡಿಯಾರ. ಗಂಟೆಗೊಮ್ಮೆ ಒಂದು ಪುಟ್ಟ ಬಾಗಿಲು ತೆರೆದು ಹಿತ್ತಾಳೆಯ ಕಮ್ಮಾರನೊಬ್ಬ ಹೊರಗೆ ಬಂದು, ಸುತ್ತಿಗೆ ಬಡಿದು, ಮತ್ತೆ ಒಳಗೆ ಹೋಗುತ್ತಾನಂತೆ. ಯಜಮಾನರು ಜೀವಮಾನದಲ್ಲಿ ಹೆಂಡತಿಯನ್ನು ಇದು ಬೇಕು ಅದು ಬೇಕು ಎಂದು ಕೇಳಿದವರಲ್ಲ. ಆದರೆ ಆ ಚಿತ್ರದ ಧೂಳು ಒರೆಸುವಾಗಲೆಲ್ಲ, "ಆ ಕಮ್ಮಾರನ್ನ ಹೊರಗೆ ಕರ್ಕೊಂಡು ಬರೋ ಚಕ್ರ ಎಲ್ಲಿ ಕೂರಿಸಿದಾನೋ ಪುಣ್ಯಾತ್ಮ! ಒಂದ್ಸಲ ಕಣ್ಣಾರೆ ನೋಡಿದ್ರೆ ಗೊತ್ತಾಗ್ತಿತ್ತು" ಎನ್ನುತ್ತಿದ್ದರು.

ಈಗ ನೋಡಿದರೆ ಟಿಕೆಟ್ ಆಫೀಸಿನಲ್ಲಿ ಕೆಲಸ ಮಾಡುವ ತಂಗಿಯ ಮಗಳು ಒಂದು ಸುದ್ದಿ ತಂದಿದ್ದಳು. ಚಳಿಗಾಲ ಶುರುವಾಗುತ್ತಲೇ ಆ ಗೋಪುರಕ್ಕೆ ಪರದೆ ಕಟ್ಟಿ, ಗಡಿಯಾರವನ್ನು ಪೂರ್ತಿ ಬಿಚ್ಚಿ ರಿಪೇರಿ ಮಾಡುತ್ತಾರಂತೆ.

"ಮತ್ತೆ ಯಾವಾಗ ತೆರೀತಾರಂತೆ?" ಎಂದು ಕೇಳಿದಳು ಲಾಂಡ್ರಿಯಮ್ಮ.

"ಎಷ್ಟು ವರ್ಷ ಹಿಡಿಯುತ್ತೋ ಅವರಿಗೇ ಗೊತ್ತಿಲ್ಲ ದೊಡ್ಡಮ್ಮ."

ಯಜಮಾನರು ಕೈಯಲ್ಲಿದ್ದ ಗಡಿಯಾರಕ್ಕೆ ಕೀಲಿ ಕೊಡುತ್ತಾ ಮೆಲ್ಲಗೆ ಹೇಳಿದ್ದು ಇಷ್ಟೇ: "ಅಷ್ಟರಲ್ಲಿ ನಮ್ಮ ಕೀಲಿ ಇರುತ್ತೋ ಮುಗಿಯುತ್ತೋ."

ಅಷ್ಟು ಸಾಕಾಯಿತು ಲಾಂಡ್ರಿಯಮ್ಮನಿಗೆ! ಕಳೆದ ವರ್ಷವಷ್ಟೇ ಲಾಂಡ್ರಿ ಮುಚ್ಚಿ ಮಳಿಗೆಯನ್ನು ಮಾರಿದ ದುಡ್ಡು ಬ್ಯಾಂಕಿನಲ್ಲಿ ಬೆಚ್ಚಗೆ ಮಲಗಿತ್ತು. ಅದನ್ನು ಎಬ್ಬಿಸಿ ಯುರೋಪಿಗೆ ಹೊರಡಿಸಲು ಆಕೆ ಟೊಂಕ ಕಟ್ಟಿ ನಿಂತಳು.

ಮೊದಲು ಯಾವಾಗ ಹೋಗುವುದು ಎಂಬುದನ್ನು ತೀರ್ಮಾನಿಸಬೇಕಿತ್ತು. ತಂಗಿಯ ಮಗಳು ಬೇಸಿಗೆ ಚೆನ್ನಾಗಿರುತ್ತದೆ ಎಂದಳು. ಲಾಂಡ್ರಿಯಮ್ಮ ಒಪ್ಪಲಿಲ್ಲ.

"ಎಲ್ಲರೂ ಕಂಬಳಿ ತಂದು ಸುರಿಯೋ ವಾರದಲ್ಲಿ ನಾನು ಯಾವತ್ತಾದ್ರೂ ರಿಯಾಯಿತಿ ಕೊಟ್ಟಿದ್ದೀನೇನೇ? ಅವರೂ ಕೊಡಲ್ಲ. ಜನ ವಾಪಸ್ ಹೋಗಿರಬೇಕು, ಚಳಿ ಇನ್ನೂ ಬಂದಿರಬಾರದು, ಆ ಸಂದಿಯಲ್ಲಿ ನುಗ್ಗಬೇಕು!"

"ದೊಡ್ಡಮ್ಮ, ನೀವು ನಮ್ಮ ಆಫೀಸಿಗೆ ಮ್ಯಾನೇಜರ್ ಆಗಿ ಬಂದ್ಬಿಡಿ" ಎಂದಳು ಆಕೆ. ಲಾಂಡ್ರಿಯಮ್ಮ ಅದನ್ನು ಹೊಗಳಿಕೆ ಎಂದೇ ಸ್ವೀಕರಿಸಿದಳು.

ಬಜೆಟ್ಟಿನ ವಿಷಯಕ್ಕೆ ಬಂದರೆ ಆಕೆಗೆ ವಿದೇಶದ ಹಣ ತಲೆಗೆ ಹತ್ತಲಿಲ್ಲ. ತನಗೆ ತಿಳಿಯುವ ನಾಣ್ಯಕ್ಕೆ ಅದನ್ನು ಬದಲಾಯಿಸಿಕೊಂಡಳು. "ಒಂದು ರಾತ್ರಿ ಮಲಗೋಕೆ ಒಂದು ಮೂಟೆ ಅಂಗಿ ಇಸ್ತ್ರಿ! ಒಂದು ಕಾಫಿಗೆ ಒಂದು ಡಜನ್ ಪ್ಯಾಂಟು! ರೀ, ಅಲ್ಲಿ ಕಾಫಿ ಕುಡಿಯೋದಾದ್ರೆ ಇಬ್ಬರೂ ಒಂದೇ ಲೋಟದಲ್ಲಿ ಕುಡಿಯೋಣ." ಎಲ್ಲ ಕಳೆದು ಉಳಿದದ್ದನ್ನು 'ಕಲೆ ದುಡ್ಡು' ಎಂದು ಬೇರೆ ತೆಗೆದಿಟ್ಟಳು. ಎಷ್ಟು ಜೋಪಾನ ಮಾಡಿದರೂ ಎಲ್ಲಾದರೂ ಒಂದು ಕಲೆ ಬೀಳುತ್ತದೆ, ಅದನ್ನು ತೆಗೆಯಲು ದುಡ್ಡು ಬೇಕು ಎಂಬುದು ಆಕೆಯ ಕಸುಬಿನ ಅನುಭವ.

ಇನ್ನು ವೀಸಾ ಕಾಗದಪತ್ರ. ಅದರ ವೈಭವವನ್ನು ಕೇಳಬೇಡಿ! ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ, ಕಾಗದಗಳನ್ನೆಲ್ಲ ಅನುಕ್ರಮವಾಗಿ ನೇತುಹಾಕಿದಳು. ಬ್ಯಾಂಕಿನ ಲೆಕ್ಕಕ್ಕೆ ಜಾಗ ಖಾಲಿ ಬಿಟ್ಟು, ಅದರ ಪಕ್ಕ ಪ್ರಯಾಣದ ವಿಮೆ, ಹೋಟೆಲಿನ ಬುಕಿಂಗು, ಹೋಗಿ ಬರುವ ಟಿಕೆಟ್ಟು, ಕೊನೆಯಲ್ಲಿ ಯಜಮಾನರ ಬಿಗಿದ ಮುಖದ ಫೋಟೋ. ಯಜಮಾನರು ಕೋಣೆಯಿಂದ ಕೋಣೆಗೆ ಹೋಗಬೇಕಾದರೆ ತಮ್ಮದೇ ಫೋಟೋದ ಕೆಳಗೆ ಬಗ್ಗಿ ಹೋಗಬೇಕಾಗಿತ್ತು.

"ಸೆಖೆ ಕಣೇ, ಫ್ಯಾನ್ ಹಾಕ್ಲಾ?"

"ಹಾಕಬೇಡಿ! ವಿಮೆ ಹಾರಿಹೋಗುತ್ತೆ!"

ಎಲ್ಲ ಒಪ್ಪ ಓರಣವಾಗಿತ್ತು. ಎಡವಟ್ಟಾದದ್ದು ಬ್ಯಾಂಕಿನಲ್ಲಿ. ಖಾತೆಯ ಲೆಕ್ಕ ಮುದ್ರಿಸಿಕೊಡುವ ಮುಂಚೆ ಬ್ಯಾಂಕಿನವನು ಒಂದು ಪುಟ್ಟ ಡಬ್ಬಿ ಮುಂದೆ ತಳ್ಳಿ ಹೆಬ್ಬೆರಳು ಇಡಿ ಎಂದ. ಇಟ್ಟಳು. ಕೆಂಪು ದೀಪ. ಇನ್ನೊಂದು ಬೆರಳು. ಕೆಂಪು ದೀಪ.

"ಬೆರಳು ಒರೆಸಿ ಇಡಿ ಅಮ್ಮ."

"ಒರೆಸಿ ಒರೆಸಿಯೇ ಹೀಗಾಗಿರೋದು ಕಣಪ್ಪ!"

ಅವನು ಆಕೆಯ ಕೈ ತಿರುಗಿಸಿ ನೋಡಿದ. "ಅಮ್ಮಾ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲವಲ್ಲ. ಎಲ್ಲಾ ಸವೆದು ನುಣ್ಣಗಾಗಿದೆ." ಊರಿನವರ ಬಟ್ಟೆಯನ್ನೆಲ್ಲ ಉಜ್ಜಿ ತಿಕ್ಕಿ ಹಿಂಡಿದ ಕೈ ತನ್ನ ಗುರುತನ್ನೂ ಅದರ ಜೊತೆಗೇ ಹಿಂಡಿ ಚರಂಡಿಗೆ ಬಿಟ್ಟಿತ್ತು! ಬ್ಯಾಂಕಿನವನೇನೋ ಸಹಿ ಹಾಕಿಸಿಕೊಂಡು ಕಾಗದ ಕೊಟ್ಟ. ಆದರೆ ತಂಗಿಯ ಮಗಳು ಈ ಸಂಗತಿ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತಳು.

"ದೊಡ್ಡಮ್ಮ! ವೀಸಾಕ್ಕೆ ಹತ್ತೂ ಬೆರಳಿನ ಗುರುತು ಕೊಡಬೇಕು. ಬೆರಳು ಬರ್ಲಿಲ್ಲ ಅಂದ್ರೆ ಏನು ಗತಿ?"

"ಗೆರೆ ಮತ್ತೆ ಹುಟ್ಟೋಕೆ ಏನು ಮಾಡ್ಬೇಕು?"

"ಏನೂ ಮಾಡಬಾರದು. ವೀಸಾ ಆಫೀಸಿಗೆ ಹೋಗೋವರೆಗೂ ಸೋಪು ಮುಟ್ಟಬಾರದು, ಪಾತ್ರೆ ಮುಟ್ಟಬಾರದು, ಬಟ್ಟೆ, ಪೊರಕೆ ಒಂದನ್ನೂ ಮುಟ್ಟಬಾರದು. ಕೈಗೆ ಕ್ರೀಮ್ ಹಚ್ಕೊಂಡು ಸುಮ್ನೆ ಕೂತಿರಿ."

"ಅಯ್ಯೋ, ಅಷ್ಟೇನಾ! ಕೂರೋದೇನು ಮಹಾ ವಿದ್ಯೆ? ನಿಮ್ಮ ದೊಡ್ಡಪ್ಪ ಜೀವನವಿಡೀ ಕೂತೇ ಸಂಪಾದನೆ ಮಾಡಿಲ್ವಾ?"

ಮನೆಗೆಲಸವೆಲ್ಲ ಯಜಮಾನರ ಪಾಲಿಗೆ ಬಂತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಎರಡು ದಿಂಬಿನ ಮೇಲೆ ಎರಡು ಕೈ ಇಟ್ಟುಕೊಂಡು ಲಾಂಡ್ರಿಯಮ್ಮ ಮಹಾರಾಣಿಯಂತೆ ವಿರಾಜಮಾನಳಾದಳು. ಆ ರಾಜ್ಯಭಾರ ಮಧ್ಯಾಹ್ನದವರೆಗೂ ನಡೆಯಲಿಲ್ಲ. ಮೊದಲು ಕಾಲು ಅಲ್ಲಾಡತೊಡಗಿತು. ಆಮೇಲೆ ಬೆರಳುಗಳು ದಿಂಬಿನ ಮೇಲೆ ತಾಳ ಹಾಕತೊಡಗಿದವು. ಎದ್ದಳು, ಕಿಟಕಿಯ ಬಳಿ ಹೋದಳು. ಎದುರುಮನೆಯ ತಂತಿಯ ಮೇಲೆ ಒಂದು ಅಂಗಿ ಸೊಟ್ಟಗೆ ನೇತಾಡುತ್ತಿತ್ತು. ನೋಡಲಾಗದೆ ವಾಪಸ್ ಬಂದು ಕೂತಳು, ಮತ್ತೆ ಎದ್ದಳು. ನೆಲದ ಮೇಲೊಂದು ಎಳೆ ದಾರ ಬಿದ್ದಿತ್ತು. ಬಗ್ಗಿದಳು.

"ಕೈ!" ಎಂದರು ಯಜಮಾನರು ಒಳಗಿನಿಂದ.

"ನೋಡ್ತಾ ಇದ್ದೆ ಅಷ್ಟೇ!"

ರಾತ್ರಿ ಹಾಸಿಗೆಯಲ್ಲೂ ಕೈ ಸುಮ್ಮನಿರಲಿಲ್ಲ. ನಿದ್ದೆಗಣ್ಣಿನಲ್ಲಿ ಯಜಮಾನರು ಹೊದ್ದ ಹೊದಿಕೆಯನ್ನು ಎಳೆದು ನಾಲ್ಕು ಮಡಿಕೆ ಮಾಡಿ ತಲೆದೆಸೆಯಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಅವರು ಸೀನುತ್ತಾ ಎದ್ದರು.

ಇದೆಲ್ಲ ಹೇಗೋ ತಡೆದುಕೊಳ್ಳಬಹುದಾಗಿತ್ತು. ತಡೆಯಲಾಗದೆ ಹೋದದ್ದು ಯಜಮಾನರು ಪಾತ್ರೆ ತೊಳೆಯುವ ಪರಿ. ಅವರು ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಚಮಚಗಳನ್ನು ಸಾಲಾಗಿ ಮಲಗಿಸಿ, ಕಣ್ಣಿಗೆ ಮಸೂರ ಸಿಕ್ಕಿಸಿ, ಗಡಿಯಾರ ಶುಚಿ ಮಾಡುವ ಕೂದಲೆಳೆಯ ಬ್ರಷ್ಷಿನಿಂದ ಒಂದೊಂದನ್ನೇ ಸವರುತ್ತಿದ್ದರು. ಕಾಫಿಗೆ ಕೂತವರು ಊಟದ ಹೊತ್ತಿಗೆ ನಾಲ್ಕನೇ ಚಮಚಕ್ಕೆ ಬಂದಿದ್ದರು.

"ರೀ! ಅದು ಚಮಚ, ಗಡಿಯಾರದ ಮುಳ್ಳಲ್ಲ!"

"ಹಿಡಿ ಸೇರೋ ಸಂದಿಯಲ್ಲಿ ಕೊಳೆ ಕೂತಿದೆ ಕಣೇ. ನೀನು ಇಷ್ಟು ವರ್ಷ ನೋಡೇ ಇಲ್ಲ."

ಕೇಳಿದಿರಾ! ಲಾಂಡ್ರಿಯಮ್ಮನ ಮನೆಯ ಚಮಚದಲ್ಲಿ ಕೊಳೆಯಂತೆ! ಆಕೆಯ ಮೈಯೆಲ್ಲ ಉರಿದುಹೋಯಿತು. ಕುರ್ಚಿಯನ್ನು ಕಾಲಿನಿಂದಲೇ ತಳ್ಳಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ಪ್ರತಿಷ್ಠಾಪಿಸಿಕೊಂಡಳು. ಅಲ್ಲಿಂದ ಶುರುವಾಯಿತು ಯಜಮಾನರ ಗ್ರಹಚಾರ.

"ಆ ಬ್ರಷ್ ಎತ್ತಿಡಿ. ಸಿಂಕಿನ ಕೆಳಗೆ ಸ್ಟೀಲ್ ನಾರಿದೆ, ತಗೊಳ್ಳಿ. ಪಕ್ಕದಲ್ಲಿ ನೀಲಿ ಡಬ್ಬಿ ಇದೆ ನೋಡಿ, ಲಾಂಡ್ರಿಯದ್ದು, ಕಲೆ ತೆಗೆಯೋ ಪುಡಿ. ಅದನ್ನ ಒಂದು ಹಿಡಿ ಹಾಕಿ. ಹೂಂ, ಬಾಣಲೆ ತಳ ಉಜ್ಜಿ. ಮುದ್ದು ಮಾಡಬೇಡಿ ಅದನ್ನ, ಉಜ್ಜಿ!"

"ಕೈಗವಸು ಏನಾದ್ರೂ ಇದೆಯೇನೇ?"

ಲಾಂಡ್ರಿಯಮ್ಮ ನಕ್ಕ ನಗುವಿಗೆ ಹಗ್ಗದ ಮೇಲಿನ ಕಾಗದಗಳು ಅಲ್ಲಾಡಿದವು. "ಕೈಗವಸು ಹಾಕ್ಕೊಂಡು ಪಾತ್ರೆ ತೊಳೆಯೋದಾ? ಚಾಪೆ ಸುತ್ಕೊಂಡು ಸ್ನಾನ ಮಾಡಿದ ಹಾಗೆ! ನಾನು ಯಾವತ್ತಾದ್ರೂ ಹಾಕಿದ್ದೀನಾ?"

"ಚುರುಚುರು ಅಂತಿದೆ."

"ಮೊದಮೊದಲು ಹಾಗೇ. ಆಮೇಲೆ ಏನೂ ಗೊತ್ತಾಗಲ್ಲ."

ಆ ಮಾತು ಸುಳ್ಳಲ್ಲ. ಆಕೆಯ ಕೈಗೆ ನಿಜಕ್ಕೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಯಜಮಾನರ ಕೈ ಎಂಥ ಕೈ? ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಎತ್ತುವ ಕೈ. ಮಲ್ಲಿಗೆ ಎಸಳಿನ ಹಾಗಿದ್ದ ಆ ಬೆರಳುಗಳು ದಿನವೂ ಸ್ಟೀಲ್ ನಾರು, ಕಲೆಪುಡಿ, ಬಿಸಿನೀರಿನ ಮಧ್ಯೆ ಬೇಯತೊಡಗಿದವು. ಅವರು ತುಟಿ ಪಿಟಕ್ಕೆನ್ನಲಿಲ್ಲ. ಇವಳ ಕೈ ನೆಟ್ಟಗಾದರೆ ಗಡಿಯಾರ ನೋಡಬಹುದು ಎಂಬ ಒಂದೇ ಆಸೆಯಿಂದ ಉಜ್ಜಿದರು. ಬಾಣಲೆಯ ತಳ ಮುಗಿದ ಮೇಲೆ ಒಲೆ, ಒಲೆ ಆದ ಮೇಲೆ ನಲ್ಲಿ, ನಲ್ಲಿ ಮುಗಿದ ಮೇಲೆ ಬಚ್ಚಲಿನ ಗೋಡೆ. ತಾನು ಮಾಡಲಾಗದ ಕೆಲಸವನ್ನೆಲ್ಲ ಲಾಂಡ್ರಿಯಮ್ಮ ಅವರ ಕೈಯಿಂದ ಮಾಡಿಸಿ ತನ್ನ ಚಡಪಡಿಕೆ ತೀರಿಸಿಕೊಂಡಳು. ಮನೆಯಲ್ಲಿದ್ದ ಲೋಹವೆಲ್ಲ ಕನ್ನಡಿಯಾಯಿತು!

ಒಂದು ದಿನ ಯಜಮಾನರ ಚಿಮುಟದಿಂದ ತಿರುಪು ಜಾರಿ ಬಿತ್ತು. ಇನ್ನೊಂದು ದಿನವೂ ಬಿತ್ತು.

"ವಯಸ್ಸಾಯ್ತು ನಿಮಗೆ" ಎಂದಳು.

"ಆಯ್ತೇನೋ" ಎಂದು ಅವರು ಕೈಗಳನ್ನು ಜೇಬಿಗಿಳಿಸಿದರು.

ವೀಸಾ ಆಫೀಸಿಗೆ ಹೋಗುವ ದಿನ ಬಂತು. ಕಾಗದಗಳನ್ನು ಹಗ್ಗದಿಂದ ಇಳಿಸಿ, ಮಡಿಕೆ ಬೀಳದಂತೆ ಜೋಡಿಸಿ, ಲಾಂಡ್ರಿಯಮ್ಮ ಎರಡು ಕೈಯನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಬಸ್ಸಿನಲ್ಲಿ ಕಂಬ ಹಿಡಿಯಲಿಲ್ಲ, ಯಜಮಾನರ ತೋಳಿಗೆ ಒರಗಿ ನಿಂತಳು. ಪಕ್ಕದವರೊಬ್ಬರು, "ಸುಟ್ಕೊಂಡ್ರಾ ಅಮ್ಮ?" ಎಂದು ಮರುಗಿದರು.

"ಇಲ್ಲಪ್ಪ, ಯುರೋಪಿಗೆ ಹೋಗ್ತಿದ್ದೀನಿ" ಎಂದಳು. ಅವರು ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಆಫೀಸಿನಲ್ಲಿ ಟೋಕನ್ ಹಿಡಿದು ಕೂತಾಗ ಕಾಲು ಮತ್ತೆ ಅಲ್ಲಾಡತೊಡಗಿತು. ಮುಂದಿನ ಸಾಲಿನ ಕುರ್ಚಿಯೂ ಅದರ ಜೊತೆ ಅಲ್ಲಾಡಿತು. ಅದರಲ್ಲಿ ಕೂತಿದ್ದವರು ಎದ್ದು ಬೇರೆ ಕಡೆ ಹೋದರು. ಕೊನೆಗೆ ಇವರ ಸರದಿ ಬಂತು. ಗಾಜಿನಾಚೆ ಕೂತಿದ್ದ ಹುಡುಗಿ ಕಾಗದಗಳನ್ನು ತಿರುವಿ ಹಾಕಿ, "ಎಷ್ಟು ಅಚ್ಚುಕಟ್ಟಾಗಿ ತಂದಿದ್ದೀರಮ್ಮ! ಯಾವ ಏಜೆಂಟು?" ಎಂದಳು.

ಲಾಂಡ್ರಿಯಮ್ಮ ಸೆಟೆದು ನಿಂತಳು. "ನಾನೇ."

"ಸರಿ, ಈಗ ಬೆರಳು."

ಸುತ್ತಿದ್ದ ಬಟ್ಟೆ ಬಿಚ್ಚಿ, ಉಸಿರು ಬಿಗಿಹಿಡಿದು, ದೀಪ ಉರಿಯುತ್ತಿದ್ದ ಗಾಜಿನ ಮೇಲೆ ಬೆರಳಿಟ್ಟಳು. ಪರದೆಯ ಮೇಲೆ ಬಿಳಿ ಮಬ್ಬು. ಮತ್ತೆ ಇಟ್ಟಳು. ಮತ್ತೆ ಅದೇ ಮಬ್ಬು. ಅಷ್ಟು ದಿನದ ತಪಸ್ಸಿಗೆ ಒಂದೇ ಒಂದು ಗೆರೆಯೂ ಹುಟ್ಟಿರಲಿಲ್ಲ!

"ಏನು ಕೆಲಸ ಮಾಡ್ತಿದ್ರಿ ಅಮ್ಮ?"

"ಲಾಂಡ್ರಿ."

"ಓ, ಹಾಗಾದ್ರೆ ಇದು ಪೂರ್ತಿ ಸವೆದಿರೋದು. ಬರೋದೇ ಇಲ್ಲ. ಪರವಾಗಿಲ್ಲ, ಅಂಥವರಿಗೆ ಬೇರೆ ದಾರಿ ಇದೆ, ನಾನು ಹಾಗಂತ ಬರೆದು ಕಳಿಸ್ತೀನಿ." ಟಕಟಕ ಕೀಲಿ ಒತ್ತಿದಳು. "ನಿಮ್ಮದಾಯ್ತು."

"ಆಯ್ತಾ? ಕೈಗೆ ರಜಾ ಕೊಟ್ಟು ಕೂರಬೇಕಾಗಿತ್ತಲ್ಲ?"

"ಯಾರು ಹೇಳಿದ್ರು? ಏನೂ ಬೇಕಿರಲಿಲ್ಲ. ಈಗ ತಾತ ಬರಲಿ."

ಯಜಮಾನರು ಮುಂದೆ ಬಂದು ಜೇಬಿನಿಂದ ಕೈ ತೆಗೆದರು. ಲಾಂಡ್ರಿಯಮ್ಮ ಅಂದೇ ಮೊದಲ ಬಾರಿಗೆ ಆ ಕೈಗಳನ್ನು ಬೆಳಕಿನಲ್ಲಿ ನೋಡಿದ್ದು. ಬೆರಳ ತುದಿಗಳೆಲ್ಲ ಸುಲಿದು, ಕೆಂಪಗೆ, ಅಲ್ಲಲ್ಲಿ ಗುಳ್ಳೆಯೆದ್ದು, ಬೇಯಿಸಿದ ಗೆಣಸಿನ ಸಿಪ್ಪೆ ಎದ್ದಂತಿದ್ದವು. ಅವರು ಬೆರಳಿಟ್ಟರು. ಮೆಷೀನು ಚೀರಿತು. ಇನ್ನೊಂದು ಕೈ ಇಟ್ಟರು. ಇನ್ನೂ ಜೋರಾಗಿ ಚೀರಿತು.

"ಅಯ್ಯೋ ತಾತ! ಏನಾಗಿದೆ ಕೈಗೆ?"

ಯಜಮಾನರು ಹೆಂಡತಿಯ ಕಡೆ ನೋಡಲಿಲ್ಲ. "ಪಾತ್ರೆ ತೊಳೆದೆ ಕಣಮ್ಮ."

"ಹೋಟೆಲಲ್ಲಿ ಕೆಲಸಾನಾ?"

"ಇಲ್ಲ, ಮನೇಲೇ."

"ತುಂಬಾ ಜನ ಇದ್ದೀರಾ ಮನೇಲಿ?"

"ಇಬ್ಬರೇ."

ಹುಡುಗಿ ನಿಧಾನವಾಗಿ ತಲೆ ತಿರುಗಿಸಿ ಲಾಂಡ್ರಿಯಮ್ಮನನ್ನು ನೋಡಿದಳು. ಪಕ್ಕದ ಕೌಂಟರಿನವನೂ ನೋಡಿದ. ಕಾವಲಿನವನು ಸಹ ಕುತ್ತಿಗೆ ಉದ್ದ ಮಾಡಿದ. ಲಾಂಡ್ರಿಯಮ್ಮನಿಗೆ ತನ್ನ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಬಿಚ್ಚಿದ ಹತ್ತಿಬಟ್ಟೆಯನ್ನೇ ಮತ್ತೆ ಸುತ್ತಿಕೊಳ್ಳತೊಡಗಿದಳು.

"ಇವರದ್ದೂ ಹಾಗೇ ಬರೆದುಬಿಡಮ್ಮ, ಸವೆದಿದೆ ಅಂತ."

"ಆಗಲ್ಲಮ್ಮ. ನಿಮ್ಮದು ವಾಸಿಯಾಗೋದಲ್ಲ, ಅದಕ್ಕೆ ಬಿಟ್ಟೆ. ಇವರದ್ದು ಗಾಯ, ವಾಸಿಯಾಗುತ್ತೆ. ವಾಸಿಯಾದ ಮೇಲೆ ಬನ್ನಿ."

"ಅಷ್ಟರಲ್ಲಿ ಗಡಿಯಾರ ಮುಚ್ಚಿಬಿಡ್ತಾರೆ ಕಣಮ್ಮ! ಬೇಕಾದ್ರೆ ನನ್ನದು ಕ್ಯಾನ್ಸಲ್ ಮಾಡಿ ಇವರನ್ನ ಕಳಿಸು. ನೋಡಬೇಕಾದವರು ಇವರು. ನನಗೆ ಗಡಿಯಾರ ನೋಡೋಕೂ ಸರಿಯಾಗಿ ಬರಲ್ಲ!"

ಹೇಳುತ್ತಾ ಹೇಳುತ್ತಾ ಆಕೆಯ ಧ್ವನಿ ಒಡೆಯಿತು. ಯಜಮಾನರು ಸುಲಿದ ಬೆರಳುಗಳಿಂದಲೇ ಅವಳ ಮೊಣಕೈ ತಟ್ಟಿದರು. "ಬಿಡೇ. ಬಾಣಲೆ ತಳ ನೋಡಿದ್ದೀನಲ್ಲ. ಅದೂ ಹೊಳೆಯುತ್ತೆ."

ಹುಡುಗಿಗೆ ನಗು ತಡೆಯಲಾಗಲಿಲ್ಲ. ಕ್ಯಾಲೆಂಡರ್ ಕೆದಕಿ, ಎಲ್ಲೋ ಯಾರೋ ಬಿಟ್ಟುಕೊಟ್ಟಿದ್ದ ಒಂದು ದಿನವನ್ನು ಹುಡುಕಿ ಬರೆದುಕೊಟ್ಟಳು. "ಅವತ್ತಿಗೆ ಬೆರಳು ನೆಟ್ಟಗಾಗಿದ್ರೆ ಗಡಿಯಾರ ಮುಚ್ಚೋ ಮುಂಚೆ ಹೋಗಿ ಬರಬಹುದು. ಇಲ್ಲದಿದ್ರೆ ಇಲ್ಲ. ಅಮ್ಮಾ, ಅಲ್ಲಿವರೆಗೂ ತಾತನ ಕೈಗೆ ಒಂದು ಚಮಚಾನೂ ಕೊಡಬೇಡಿ!"

ಟಿಕೆಟ್ಟಿನ ದಿನ ಬದಲಾಯಿಸಲು ದಂಡ ಕಟ್ಟಿದ್ದರಲ್ಲಿ ಕಲೆ ದುಡ್ಡೆಲ್ಲ ನೀರಿನ ಹಾಗೆ ಹೋಯಿತು. ಕೊನೆಗೂ ಬಿದ್ದ ಕಲೆ ಆಕೆಯೇ ಬೀಳಿಸಿದ್ದು!

ಮನೆಗೆ ಬಂದ ಕೂಡಲೇ ಯಜಮಾನರನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ದಿಂಬಿನ ಮೇಲಿಟ್ಟು, ಬೆರಳಿಗೆಲ್ಲ ಮುಲಾಮು ಹಚ್ಚಿದಳು. ತುತ್ತು ಮಾಡಿ ತಿನ್ನಿಸಿದಳು, ಅಂಗಿಯ ಗುಂಡಿ ಹಾಕಿದಳು. ಅವರು ಒಂದು ಸಲ ಪತ್ರಿಕೆಯ ಹಾಳೆ ತಿರುಗಿಸಲು ಹೋದಾಗ ಓಡಿ ಬಂದು, "ನಾನು ತಿರುಗಿಸ್ತೀನಿ!" ಎಂದು ಕಿರುಚಿದಳು. ಪ್ರತಿ ಬೆಳಿಗ್ಗೆ ಅವರದೇ ಮಸೂರವನ್ನು ತನ್ನ ಕಣ್ಣಿಗೆ ಸಿಕ್ಕಿಸಿಕೊಂಡು ಬೆರಳುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಳು.

"ಗೆರೆ ಬಂತಾ?"

"ಬರ್ತಾ ಇದೆ. ಅಲ್ಲಾಡಬೇಡಿ, ಹೆದರಿ ವಾಪಸ್ ಹೋಗುತ್ತೆ."

ಯಜಮಾನರಿಗೆ ಕೂರುವುದು ಹೊಸದಲ್ಲ. ಕೂತರು, ತೂಕಡಿಸಿದರು, ಮತ್ತೆ ಕೂತರು. ಬೆರಳ ಗೆರೆಗಳು ಯಾವ ಗಡಿಬಿಡಿಯೂ ಇಲ್ಲದೆ ತಮ್ಮ ತಮ್ಮ ಜಾಗಕ್ಕೆ ಬಂದು ಸೇರಿಕೊಂಡವು. ಎರಡನೇ ಸಲ ಆಫೀಸಿಗೆ ಹೋದಾಗ ಮೆಷೀನು ಒಮ್ಮೆಯೂ ಚೀರಲಿಲ್ಲ. ಗಾಜಿನಾಚೆಯ ಹುಡುಗಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಆಮೇಲೆ ಒಂದು ದಿನ ಪಾಸ್‌ಪೋರ್ಟುಗಳು ವೀಸಾ ಅಂಟಿಸಿಕೊಂಡು ಮನೆಗೆ ಬಂದವು. ಗಡಿಯಾರಕ್ಕೆ ಪರದೆ ಬೀಳುವ ಮುಂಚೆ ಕೊನೆಯ ಒಂದು ವಾರ ಅವರಿಗೆ ಸಿಕ್ಕಿತ್ತು!

ಲಾಂಡ್ರಿಯಮ್ಮನ ಸಂಭ್ರಮ ಹೇಳತೀರದು. ಯಜಮಾನರು ಪಾಸ್‌ಪೋರ್ಟಿನ ಹಾಳೆಯನ್ನು ಮಸೂರದಲ್ಲಿ ನೋಡುತ್ತಾ ಕೂತಿದ್ದರೆ, ಆಕೆ ಸಿಂಕಿನ ಮುಂದೆ ನಿಂತು ಮೊಣಕೈವರೆಗೆ ನೊರೆ ಮಾಡಿಕೊಂಡು, ರಾಗವೆಳೆಯುತ್ತಾ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಆಗ ಯಜಮಾನರು ಮಸೂರ ತೆಗೆದಿಟ್ಟು, ಏನೋ ನೆನಪಾದವರಂತೆ ಕೇಳಿದರು.

"ಅಲ್ವೇ, ಅಲ್ಲಿ ಹೋಟೆಲ್ ರೂಮು. ಹಾಸಿಗೆ ಅವರೇ ಹಾಸ್ತಾರೆ, ಬಟ್ಟೆ ಅವರೇ ಒಗೀತಾರೆ. ನಾನು ಆ ಕಮ್ಮಾರ ಬರೋದು ನೋಡ್ತಾ ದಿನಾ ಚೌಕದಲ್ಲೇ ನಿಂತಿರ್ತೀನಿ. ಅಷ್ಟು ದಿನ ನೀನು ಏನು ಮಾಡ್ತೀಯ?"

ನೊರೆಯೊಳಗಿನ ಕೈ ನಿಂತುಹೋಯಿತು. ಕಾಲ, ಕಾಗದ, ಖರ್ಚು ಮೂರನ್ನೂ ಕಲೆ ಬೀಳದಂತೆ ಯೋಜಿಸಿದ್ದ ಲಾಂಡ್ರಿಯಮ್ಮ ಇದೊಂದನ್ನು ಯೋಚಿಸಿರಲೇ ಇಲ್ಲ! ಕಾಲು ಮೆಲ್ಲಗೆ ಅಲ್ಲಾಡಿತು. ಆಮೇಲೆ ಕೈ ಒರೆಸಿಕೊಂಡು, ಯಜಮಾನರಿಗೆ ಕೇಳಿಸದ ಹಾಗೆ ಬಾಗಿಲ ಹಿಂದೆ ನಿಂತು ತಂಗಿಯ ಮಗಳಿಗೆ ಫೋನ್ ಮಾಡಿದಳು.

"ಏನಿಲ್ಲ ಕಣೇ, ಸುಮ್ನೆ ಕೇಳಿದೆ. ಅಲ್ಲಿ ಅಡುಗೆಮನೆ ಇರೋ ರೂಮು ಏನಾದ್ರೂ ಸಿಗುತ್ತಾ? ಖರ್ಚು ಉಳಿಯುತ್ತೆ ಅಂತ, ಮತ್ತೇನಿಲ್ಲ."

"ಸಿಗುತ್ತೆ ದೊಡ್ಡಮ್ಮ! ಎಷ್ಟು ಒಳ್ಳೇ ಯೋಚನೆ! ತಡೀರಿ, ನೋಡಿ ಹೇಳ್ತೀನಿ... ಹಾಂ, ಒಂದಿದೆ. ಒಲೆ ಇದೆ, ಪಾತ್ರೆ ಇದೆ, ಎಲ್ಲಾ ಇದೆ. ನೀವು ಮಾತ್ರ ಕೈ ಒದ್ದೆ ಮಾಡ್ಕೊಳ್ಳೋ ಹಾಗೇ ಇಲ್ಲ. ಪಾತ್ರೆ ತೊಳೆಯೋದೂ ಮೆಷೀನೇ, ಬಟ್ಟೆ ಒಗೆಯೋದೂ ಮೆಷೀನೇ. ಗುಂಡಿ ಒತ್ತಿದ್ರಾಯ್ತು ದೊಡ್ಡಮ್ಮ, ಒಂದು ಬೆರಳು ಸಾಕು!"